ಕಡಲಿಲ್ಲದ ಜಿಲ್ಲೆಯಲ್ಲಿ ಮೀನೂಟ

ಚಿಕ್ಕಬಳ್ಳಾಪುರ: 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಜಿಲ್ಲೆಗೆ ಕಡಲೂ ಇಲ್ಲ, ವರ್ಷವಿಡೀ ಹರಿಯುವ ನದಿಯೂ ಇಲ್ಲ. ಇಲ್ಲಿ ಮೀನೂಟವೆಂದರೆ ಕೆರೆ ಮೀನಿನ ಊಟ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಬಂಗುಡೆ, ಅಂಜಲ್ ದೊರೆತರೂ ಅವು ಮಂಜುಗಡ್ಡೆಯಲ್ಲಿ ದೂರದಿಂದ ಬಂದವು. ಸ್ಥಳೀಯ ರುಚಿ ಬಯಸುವವರು ಮಿಲಿಟರಿ ಹೋಟೆಲುಗಳಲ್ಲಿ ಕಾಟ್ಲಾ, ರೋಹು, ಗೆಂಡೆ ಮೀನನ್ನೇ ಕೇಳಬೇಕು. ಹುಣಸೆಹುಳಿ, ಒಣಮೆಣಸಿನಕಾಯಿ, ಧನಿಯಾ ಅರೆದು ಕಾಯಿಸಿದ ಸಾರು, ಜೊತೆಗೆ ರಾಗಿ ಮುದ್ದೆ. ಸಾರು ಹಿಂದಿನ ದಿನದ್ದಾದರೆ ಇನ್ನೂ ಲೇಸು. ಮುಳ್ಳಿನ ಬಗ್ಗೆ ಮಾತ್ರ ಎಚ್ಚರವಿರಲಿ.

ಮಳೆಗಾಲದಲ್ಲಿ ಕೆರೆಗೆ ಬಿಟ್ಟ ಮೀನುಮರಿ ಬೆಳೆದು, ಬೇಸಿಗೆಯಲ್ಲಿ ನೀರು ಇಳಿದಾಗ ಬಲೆಗೆ ಬೀಳುತ್ತದೆ. ಆಗ ಕೆರೆ ಏರಿಯ ಮೇಲೆಯೇ ತಾಜಾ ಮೀನು ಸಿಗುತ್ತದೆ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. 2021ರ ನವೆಂಬರ್ ಮಳೆಗೆ ಹಲವು ಕೆರೆಗಳು ಕೋಡಿ ಹರಿದಿದ್ದವು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ: ಯಾವ ಕೆರೆಯ ಮೀನು? ಎಚ್.ಎನ್. ವ್ಯಾಲಿ ಯೋಜನೆಯಡಿ ಕಂದವಾರ ಸೇರಿದಂತೆ ಜಿಲ್ಲೆಯ ಹಲವು ಕೆರೆಗಳಿಗೆ ಹರಿಸಲಾಗಿರುವುದು ಎರಡು ಹಂತಗಳಲ್ಲಷ್ಟೇ ಸಂಸ್ಕರಿಸಿದ ಬೆಂಗಳೂರಿನ ತ್ಯಾಜ್ಯ ನೀರು. ಮೂರನೇ ಹಂತದ ಶುದ್ಧೀಕರಣಕ್ಕೆ ನೀರಾವರಿ ಹೋರಾಟಗಾರರು ಒತ್ತಾಯಿಸುತ್ತ ಬಂದಿದ್ದಾರೆ. ಮಳೆನೀರಿನ ಕೆರೆಯದೆಂದು ಮಾರುವವರು ಹೇಳಿದರೂ ಕೆರೆಯ ಹೆಸರನ್ನು ವಿಚಾರಿಸಿಕೊಳ್ಳುವುದು ಒಳಿತು.