ಜೀವಕೋಶದ ತೂಬುಗಳು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ನಿಂತಾಗಲೆಲ್ಲ ನನ್ನ ಮನಸ್ಸು ಅಲ್ಲಿಯ ಬಂಡೆಯ ಕಡೆಗೆ ಹೊರಳುತ್ತದೆ. 1915ರಲ್ಲಿ ಚಿನ್ನವನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರಿಗೆ ಅಲ್ಲಿ ದೊರೆತದ್ದು, ದೇವಾನಾಂಪ್ರಿಯನು ಅಶೋಕನೇ ಎಂದು ಹೆಸರಿಟ್ಟು ಹೇಳುವ ಶಾಸನ. ಅದರ ಸಾರದ ಒಂದು ಭಾಗ ಇಷ್ಟು: ಧರ್ಮದಲ್ಲಿ ನಡೆದರೆ ಕಿರಿಯನೂ ಗುರಿ ಮುಟ್ಟಬಲ್ಲ, ಅದು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ಯಾರೂ ತಿಳಿಯಬಾರದು.

ಈಚೆಗೆ ಅದೇ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿದ್ದ ವೃದ್ಧ ರೈತರೊಬ್ಬರು, ಕಾಲೇಜು ಓದುವ ತಮ್ಮ ಮೊಮ್ಮಗನಿಗೆ ರಕ್ತದ ಕ್ಯಾನ್ಸರ್ ಎಂದರು. “ಮೈಯಾಗಿನ ಕಣಾನ ತಗದು, ಅದಕ್ಕ ಬುದ್ಧಿ ಕಲಿಸಿ, ತಿರುಗಿ ಮೈಯಾಗ ಬಿಡ್ತಾರಂತ್ರಿ. ಖರೇನ್ರಿ?” ಎಂದು ಕೇಳಿದರು. ಖರೆಯೆಂದೆ. ಆ ಒಂದು ಮಾತಿನ ಹಿಂದಿರುವ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ತುಂಗಭದ್ರೆಯ ಅಣೆಕಟ್ಟು ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆಯಲ್ಲಿ ನೀರಿದ್ದರೂ ತೂಬು ತೆರೆದ ಹೊರತು ಅದು ಸಿಂಧನೂರಿನ ಗದ್ದೆಗೆ ಇಳಿಯದು. ಅದೇ 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ.ಯ ರಚನೆಯನ್ನು ಪ್ರಕಟಿಸಿದರು. ಜೀವಕೋಶದಲ್ಲಿಯೂ ತೂಬುಗಳುಂಟೆಂಬುದನ್ನು 1961ರಲ್ಲಿ ಫ್ರಾನ್ಸಿನ ಜಾಕೋಬ್ ಮತ್ತು ಮೊನೊ ವಿವರಿಸಿದರು. ಹಾಲಿನ ಸಕ್ಕರೆ ದೊರೆತಾಗ ಬ್ಯಾಕ್ಟೀರಿಯ ಅದನ್ನು ಅರಗಿಸುವ ಜೀನುಗಳನ್ನು ತೆರೆಯುತ್ತದೆ, ಇಲ್ಲದಾಗ ಮುಚ್ಚಿಡುತ್ತದೆ.

ಪ್ರಕೃತಿಯ ತೂಬನ್ನು ಅರಿತ ಮನುಷ್ಯ ತಾನೇ ತೂಬು ಕಟ್ಟಿದ್ದು 2000ದಲ್ಲಿ. ಅಮೆರಿಕದ ಗಾರ್ಡ್‌ನರ್, ಕ್ಯಾಂಟರ್ ಮತ್ತು ಕಾಲಿನ್ಸ್ ಬ್ಯಾಕ್ಟೀರಿಯದೊಳಗೆ ಒಂದನ್ನೊಂದು ತಡೆಯುವ ಎರಡು ಜೀನುಗಳನ್ನು ಜೋಡಿಸಿದರು. ಒಂದು ತೆರೆದರೆ ಮತ್ತೊಂದು ಮುಚ್ಚುತ್ತದೆ. ಹೊರಗಿನಿಂದ ಸೂಚನೆ ಬರುವ ತನಕ ಆ ಸ್ಥಿತಿ ಹಾಗೆಯೇ ಉಳಿಯುತ್ತದೆ. ಈ ವಿದ್ಯೆ ಬೇಗನೆ ರೋಗದ ಕಡೆಗೆ ತಿರುಗಿತು. ಇಲಿಗಳ ಯಕೃತ್ತಿಗೆ ಹರಡಿದ ಗೆಡ್ಡೆಯಲ್ಲಿ ನೆಲೆಸಿ, ಮೂತ್ರದಲ್ಲಿ ಅದರ ಸುಳಿವು ಕೊಡುವ ಬ್ಯಾಕ್ಟೀರಿಯವನ್ನು 2015ರಲ್ಲಿ ವಿಜ್ಞಾನಿಗಳು ತೋರಿಸಿದರು.

ಆ ರೈತರು ಕೇಳಿದ ಚಿಕಿತ್ಸೆ ಇದರ ಹತ್ತಿರದ ಬಂಧು. ರೋಗಿಯ ರಕ್ತದಿಂದ ಟಿ ಕೋಶಗಳನ್ನು ತೆಗೆದು ಅವಕ್ಕೆ ಹೊಸ ಜೀನನ್ನು ಸೇರಿಸುತ್ತಾರೆ. ಸಿ.ಡಿ.19 ಎಂಬ ಗುರುತುಳ್ಳ ಕೋಶ ಎದುರಾದರೆ ಅವು ಅದನ್ನು ಕೊಲ್ಲುತ್ತವೆ. ಆರೋಗ್ಯವಾದ ಬಿ ಕೋಶಗಳಿಗೂ ಅದೇ ಗುರುತಿರುವುದರಿಂದ ಅವೂ ಬಲಿಯಾಗುತ್ತವೆ. ಆದುದರಿಂದಲೇ, ಎರಡು ಗುರುತುಗಳು ಒಟ್ಟಿಗೆ ಕಂಡಾಗ ಮಾತ್ರ ತೆರೆಯುವ ತೂಬಿಗಾಗಿ ಸಂಶೋಧನೆ ನಡೆದಿದೆ. ಮುಂಬಯಿಯ ಐ.ಐ.ಟಿ.ಯಲ್ಲಿ ಹುಟ್ಟಿದ ನೆಕ್ಸ್‌ಕಾರ್19 ಎಂಬ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ನಮ್ಮ ದೇಶದ ಒಪ್ಪಿಗೆ ದೊರೆಯಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಕಾರ್ಟೆಮಿ 2025ರಲ್ಲಿ ಬಂದಿತು. ಪರದೇಶದ ಬೆಲೆಯ ಮುಂದೆ ಇವು ಅಗ್ಗವೇ. ಆದರೂ ಲೆಕ್ಕ ಹತ್ತಾರು ಲಕ್ಷ ರೂಪಾಯಿಗಳದು.

ಇದನ್ನೂ ನಾನು ಮರೆಮಾಚದೆ ಹೇಳಿದೆ. ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. ಸಿಂಧನೂರಿನಲ್ಲಿ ಇಳಿಯುವಾಗ, “ನಮ್ಮದು ಕಾಲುವಿ ಕಡೀ ಹೊಲರಿ. ಮ್ಯಾಗಿನವರು ಬಿಟ್ಟರ ನಮಗ ನೀರು” ಎಂದರು.

ಅವರು ಹೇಳಿದ್ದು ಹೊಲದ ಮಾತೊಂದೇ ಅಲ್ಲವೆಂದು ನನಗೆ ತಿಳಿಯಿತು. ಜೀವಕೋಶದ ತೂಬನ್ನು ಕಟ್ಟಿದವರು ವಿಜ್ಞಾನಿಗಳು. ಕೊನೆಯ ಹೊಲಕ್ಕೂ ನೀರು ಮುಟ್ಟಿಸುವುದು ಅವರೊಬ್ಬರಿಂದ ಆಗುವ ಕೆಲಸವಲ್ಲ. ಕಿರಿಯನಿಗೂ ದಕ್ಕಬೇಕೆಂಬ ಮಾತನ್ನು ನಮ್ಮ ಮಸ್ಕಿಯ ಬಂಡೆ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಹೊತ್ತು ನಿಂತಿದೆ.