ದೀವಾನ್‌ನ ಪಾಠ: ಕಲ್ಯಾಣ ರಾಜ್ಯದ ಹಿರಿಮೆ ಮತ್ತು ಸವಾಲುಗಳು

ಕಲ್ಯಾಣ ರಾಜ್ಯವೆಂಬುದು ಇಪ್ಪತ್ತನೆಯ ಶತಮಾನದ ಯುರೋಪಿನ ಕೊಡುಗೆ ಎಂಬ ಭಾವನೆ ವ್ಯಾಪಕವಾಗಿದೆ. ಹೆಸರು ಹೊಸದಿರಬಹುದು. ಆದರೆ ಹಸಿದವನಿಗೆ ಅನ್ನ ನೀಡುವುದು ಉಳ್ಳವರ ಔದಾರ್ಯ ಮಾತ್ರವಲ್ಲ, ಆಡಳಿತದ ಹೊಣೆಯೂ ಹೌದು ಎಂಬ ತತ್ವವು ಏಳನೆಯ ಶತಮಾನದ ಮದೀನಾದಲ್ಲಿಯೇ ಕಾರ್ಯರೂಪಕ್ಕೆ ಬಂದಿತ್ತು. ಅದರ ಪ್ರಯೋಜನಗಳೊಂದಿಗೆ ಸವಾಲುಗಳೂ ಆಗಲೇ ಎದುರಾಗಿದ್ದವು.

ದ್ವಿತೀಯ ಖಲೀಫಾ ಹಝ್ರತ್ ಉಮರ್(ರ)ರ ಆಡಳಿತಾವಧಿಯಲ್ಲಿ (ಕ್ರಿ.ಶ. 634–644) ಇರಾಕ್ ಮತ್ತು ಸಿರಿಯಾಗಳ ಆದಾಯವು ಬೈತುಲ್ ಮಾಲ್‌ಗೆ ಹರಿದು ಬಂತು. ಅದನ್ನು ಹಂಚಲು ಅವರು 'ದೀವಾನ್' ಎಂಬ ನೋಂದಣಿ ವ್ಯವಸ್ಥೆಯನ್ನು ಸ್ಥಾಪಿಸಿದರು. ಯೋಧರ ಹೆಸರುಗಳೊಂದಿಗೆ ಸ್ತ್ರೀಯರು ಮತ್ತು ಮಕ್ಕಳ ಹೆಸರುಗಳೂ ಅದರಲ್ಲಿ ಸೇರಿದವು. ಪ್ರತಿಯೊಬ್ಬರಿಗೂ ವಾರ್ಷಿಕ ಭತ್ಯೆ ನಿಗದಿಯಾಯಿತು.

ಆಕ್ಷೇಪವೂ ತಡವಾಗಲಿಲ್ಲ. ಜನರು ದೀವಾನನ್ನೇ ನೆಚ್ಚಿಕೊಂಡು ವ್ಯಾಪಾರವನ್ನು ತೊರೆದಾರು ಎಂದು ಅಬೂ ಸುಫ್ಯಾನ್(ರ) ಎಚ್ಚರಿಸಿದರೆಂದು ಇತಿಹಾಸಕಾರ ಬಲಾದುರೀ ದಾಖಲಿಸಿದ್ದಾರೆ. ನೆರವು ಜನರನ್ನು ಸೋಮಾರಿಗಳನ್ನಾಗಿಸುತ್ತದೆಯೇ ಎಂಬ ಇಂದಿನ ಚರ್ಚೆಯ ಬೇರು ಅಷ್ಟು ಹಳೆಯದು.

ನಿಯಮದ ಒಂದು ಷರತ್ತು ಎಂತಹ ಅನಾಹುತಕ್ಕೆ ಎಡೆಮಾಡಬಲ್ಲದು ಎಂಬುದೂ ಬೇಗನೆ ತಿಳಿದು ಬಂತು. ಆರಂಭದಲ್ಲಿ ಎದೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಭತ್ಯೆ ಸಿಗುತ್ತಿತ್ತು. ಒಂದು ರಾತ್ರಿ ಮಗುವೊಂದರ ನಿರಂತರ ಅಳುವನ್ನು ಕೇಳಿ ಉಮರ್(ರ) ವಿಚಾರಿಸಿದಾಗ, ಭತ್ಯೆಗಾಗಿ ತಾಯಿಯು ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿದ್ದಳೆಂದು ತಿಳಿಯಿತು ಎಂದು ವರದಿಗಳು ಹೇಳುತ್ತವೆ. ಅವರು ಆ ಷರತ್ತನ್ನು ರದ್ದುಪಡಿಸಿ, ಹುಟ್ಟಿದ ಮಗುವಿಗೂ ಭತ್ಯೆ ಘೋಷಿಸಿದರು.

ಈ ಹೊಣೆಗಾರಿಕೆಯು ಧರ್ಮದ ಗಡಿಯನ್ನೂ ದಾಟಿತ್ತು. ಭಿಕ್ಷೆ ಬೇಡುತ್ತಿದ್ದ ವೃದ್ಧ ಯಹೂದಿಯೊಬ್ಬರನ್ನು ಕಂಡ ಉಮರ್(ರ), ಅವರಿಗೆ ಜಿಝ್ಯಾದಿಂದ ವಿನಾಯಿತಿ ನೀಡಿ ಬೈತುಲ್ ಮಾಲ್‌ನಿಂದ ನೆರವು ಒದಗಿಸಿದರೆಂದು ಇಮಾಮ್ ಅಬೂ ಯೂಸುಫ್‌ರು 'ಕಿತಾಬುಲ್ ಖರಾಜ್'ನಲ್ಲಿ ಉಲ್ಲೇಖಿಸಿದ್ದಾರೆ.

ಆದರೆ ಇದಕ್ಕೆಲ್ಲ ಹಣವೆಲ್ಲಿಂದ? ಇರಾಕಿನ ಸವಾದ್ ಪ್ರದೇಶದ ಫಲವತ್ತಾದ ಭೂಮಿಯನ್ನು ತಮಗೆ ಹಂಚಬೇಕೆಂದು ಕೆಲವರು ಒತ್ತಾಯಿಸಿದರು. ಉಮರ್(ರ) ಒಪ್ಪಲಿಲ್ಲ. ಭೂಮಿ ರೈತರ ಕೈಯಲ್ಲೇ ಉಳಿಯಿತು. ಅದರ ಖರಾಜ್ ಸಾರ್ವಜನಿಕ ಆದಾಯವಾಯಿತು. ಸಂಪತ್ತು ಶ್ರೀಮಂತರ ನಡುವೆಯೇ ಸುತ್ತಬಾರದೆಂಬ, ಮುಂದೆ ಬರುವವರಿಗೂ ಪಾಲಿದೆಯೆಂಬ ಹಶ್ರ್ ಅಧ್ಯಾಯದ ಆಶಯವೇ ಅವರ ಆಧಾರವಾಗಿತ್ತು.

ವ್ಯವಸ್ಥೆಯು ಲೋಪರಹಿತವಾಗಿರಲಿಲ್ಲ. ಹಝ್ರತ್ ಅಬೂಬಕರ್(ರ) ಸಮಾನವಾಗಿ ಹಂಚಿದ್ದರೆ, ಉಮರ್(ರ) ಇಸ್ಲಾಮಿಗಾಗಿ ಸಲ್ಲಿಸಿದ ಸೇವೆಯ ಆಧಾರದಲ್ಲಿ ಶ್ರೇಣಿಗಳನ್ನು ನಿಗದಿಪಡಿಸಿದರು. ಬದುಕಿದ್ದರೆ ಎಲ್ಲರನ್ನೂ ಸಮಾನಗೊಳಿಸುವ ಇಂಗಿತವನ್ನು ಅವರು ಕೊನೆಗಾಲದಲ್ಲಿ ವ್ಯಕ್ತಪಡಿಸಿದರೆಂಬ ವರದಿಗಳಿವೆ. ಮುಂದೆ ದೀವಾನ್ ಹೆಚ್ಚೆಚ್ಚು ಸೈನಿಕರ ಮತ್ತು ವಂಶಸ್ಥರ ಪಟ್ಟಿಯಾಗುತ್ತಾ ಹೋಯಿತು. ಕ್ರಿ.ಶ. 833ರಲ್ಲಿ ಅಬ್ಬಾಸೀ ಖಲೀಫಾ ಮುಅ್‌ತಸಿಮ್ ಈಜಿಪ್ಟಿನ ಅರಬರ ಹೆಸರುಗಳನ್ನು ಅದರಿಂದ ಅಳಿಸಲು ಆಜ್ಞಾಪಿಸಿದಾಗ, ಅವರ ಪೂರ್ವಜರು ಪಡೆದಿದ್ದ ಹಕ್ಕು ಒಂದೇ ಆದೇಶಕ್ಕೆ ಕೊನೆಗೊಂಡಿತು.

ಅಗತ್ಯವನ್ನು ಆಧರಿಸಿದ ಹಕ್ಕು ಅಗತ್ಯ ಇರುವವರೆಗೂ ನ್ಯಾಯವಾಗಿಯೇ ಉಳಿಯುತ್ತದೆ. ವಂಶ ಮತ್ತು ಪ್ರಭಾವವನ್ನು ಆಧರಿಸಿದ ಹಕ್ಕು ಸವಲತ್ತಾಗಿ, ಅಧಿಕಾರ ಬದಲಾದೊಡನೆ ಕುಸಿಯುತ್ತದೆ. ಕಲ್ಯಾಣ ರಾಜ್ಯವನ್ನು ಕಾಪಾಡುವುದು ಬೊಕ್ಕಸದ ಗಾತ್ರವೊಂದೇ ಅಲ್ಲ. ಮಗುವಿನ ಅಳುವನ್ನು ಕೇಳಿ ತನ್ನ ನಿಯಮವನ್ನು ತಾನೇ ತಿದ್ದಿಕೊಳ್ಳುವ ಆಡಳಿತ ಮತ್ತು ಇನ್ನೂ ಹುಟ್ಟದವರ ಪಾಲನ್ನು ಇಂದೇ ಮೀಸಲಿಡುವ ದೂರದೃಷ್ಟಿ ಅದಕ್ಕೆ ಬೇಕು.