ಜೋಕಿಂ ಆಳ್ವ: ಸಮುದಾಯ ಮತ್ತು ರಾಷ್ಟ್ರ

ಸ್ವಾತಂತ್ರ್ಯ ಹೋರಾಟವೆಂದೊಡನೆ ಸುರಪುರ ಸೀಮೆಯವರಾದ ನಮಗೆ ಮೊದಲು ನೆನಪಾಗುವುದು ರಾಜಾ ವೆಂಕಟಪ್ಪನಾಯಕ. ಕರಾವಳಿಯ ಕಥೋಲಿಕ ಮನೆತನವೊಂದರಿಂದ ಬಂದು ಅದೇ ಗುರಿಗಾಗಿ ದುಡಿದ ಜೋಕಿಂ ಆಳ್ವರ ಹೆಸರು ನಮ್ಮ ತರಗತಿಗಳಲ್ಲಿ ಕೇಳಿಬರುವುದು ವಿರಳ.

ರಾಷ್ಟ್ರವೊಂದು ರೂಪುಗೊಳ್ಳುವಾಗ ಸಣ್ಣ ಧಾರ್ಮಿಕ ಸಮುದಾಯದ ಮುಂದಾಳು ಎಲ್ಲಿ ನಿಲ್ಲಬೇಕು? ಪ್ರಶ್ನೆ ಹಳೆಯದು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಮಂದಿಯಲ್ಲಿ ಚಾರ್ಲ್ಸ್ ಕ್ಯಾರಲ್ ಒಬ್ಬರೇ ಕಥೋಲಿಕರು. ಅವರು ಆ ನಾಡಿನ ಮಹಾ ಸಿರಿವಂತರಲ್ಲಿ ಒಬ್ಬರು. ಆ ಸಿರಿಯ ಹಿಂದೆ ಗುಲಾಮರ ದುಡಿಮೆಯಿತ್ತೆಂಬುದನ್ನು ಮರೆಯಲಾಗದು. ಆದರೂ ಧರ್ಮದ ಕಾರಣದಿಂದ ಮೇರಿಲ್ಯಾಂಡ್ ವಸಾಹತಿನಲ್ಲಿ ಅವರಿಗೆ ಮತದಾನದ ಹಕ್ಕಾಗಲಿ ಅಧಿಕಾರವಾಗಲಿ ಇರಲಿಲ್ಲ.

ಆಳ್ವರ ಇಕ್ಕಟ್ಟು ಇದಕ್ಕೆ ವಿರುದ್ಧ ಬಗೆಯದು. ಆಳುವವರೂ ಕ್ರೈಸ್ತರೇ ಆಗಿದ್ದುದರಿಂದ ಭಾರತೀಯ ಕ್ರೈಸ್ತರ ನಿಷ್ಠೆ ಯಾರ ಕಡೆಗೆಂಬ ಸಂಶಯ ಸುಲಭವಾಗಿ ಹುಟ್ಟುವಂತಿತ್ತು. 1907ರಲ್ಲಿ ಉಡುಪಿ ಬಳಿಯ ಬೆಳ್ಳೆಯಲ್ಲಿ ಜನಿಸಿ, ಮುಂಬಯಿಯಲ್ಲಿ ವಕೀಲರೂ ಪತ್ರಕರ್ತರೂ ಆದ ಅವರು ಈ ಸಂಶಯಕ್ಕೆ ಕೃತಿಯಲ್ಲಿ ಉತ್ತರವಿತ್ತರು. ತಮ್ಮ ಸಮುದಾಯವನ್ನು ಹೋರಾಟಕ್ಕೆ ತರಲೆಂದು 1937ರಲ್ಲಿ ರಾಷ್ಟ್ರೀಯವಾದಿ ಕ್ರೈಸ್ತ ಪಕ್ಷವನ್ನು ಕಟ್ಟಿದರು, ಸೆರೆವಾಸವನ್ನೂ ಅನುಭವಿಸಿದರು. ಅವರ ಪತ್ನಿ, ನ್ಯಾಯವಾದಿ ವಯಲೆಟ್ ಆಳ್ವ, 1943ರಲ್ಲಿ ಬಂಧಿತರಾದಾಗ ಐದು ತಿಂಗಳ ಕೂಸನ್ನೆತ್ತಿಕೊಂಡೇ ಆರ್ಥರ್ ರೋಡ್ ಸೆರೆಮನೆಯನ್ನು ಪ್ರವೇಶಿಸಿದರು. 'ಫೋರಂ' ವಾರಪತ್ರಿಕೆ ಆರಂಭವಾದದ್ದೂ ಅದೇ ವರ್ಷ.

ಆಳ್ವರು 1949ರಲ್ಲಿ ಮುಂಬಯಿಯ ಶೆರಿಫ್ ಆದರು, 1950ರಲ್ಲಿ ಹಂಗಾಮಿ ಸಂಸತ್ತಿನ ಸದಸ್ಯರಾದರು. ಸಂವಿಧಾನ ಸಭೆ ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನಗಳು ಬೇಡವೆಂದು ನಿರ್ಧರಿಸಿದ್ದು 1949ರಲ್ಲಿಯೇ. ಆ ನಿರ್ಧಾರದ ನಿಜವಾದ ಪರೀಕ್ಷೆ ನಡೆದದ್ದು ಚುನಾವಣಾ ಕಣದಲ್ಲಿ. ಕ್ರೈಸ್ತರು ಅಲ್ಪಸಂಖ್ಯಾತರಾಗಿದ್ದ ಉತ್ತರ ಕನ್ನಡ ಕ್ಷೇತ್ರ 1952, 1957 ಮತ್ತು 1962ರಲ್ಲಿ ಅವರನ್ನೇ ಲೋಕಸಭೆಗೆ ಆರಿಸಿತು. ಮೊದಲ ಚುನಾವಣೆಯಲ್ಲಿ ಆ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ನಮ್ಮ ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದಿನಲ್ಲಿದ್ದವು. ಒಂದೇ ರಾಜ್ಯದೊಳಗೆ ಸೇರಿದ್ದು 1956ರಲ್ಲಿ. ವಯಲೆಟ್ ಅವರು 1952ರಲ್ಲಿ ರಾಜ್ಯಸಭೆಯನ್ನು ಸೇರಿ, 1962ರಲ್ಲಿ ಅದರ ಉಪಸಭಾಪತಿಯಾದರು.

ಕ್ಯಾರಲ್ ತಮಗಿಲ್ಲದ ಹಕ್ಕನ್ನು ಹೊಸ ರಾಷ್ಟ್ರದಲ್ಲಿ ಅರಸಿದರು. ಆಳ್ವರು ತಮ್ಮವರ ಮೇಲಿನ ಸಂಶಯವನ್ನು ಸೆರೆಮನೆಯ ದಾರಿಯಲ್ಲಿ ತೊಡೆದರು. ಆದರೆ ವಿಶ್ವಾಸವೆಂಬುದು ಒಬ್ಬರೇ ನೀಡುವ ಸಾಕ್ಷ್ಯವಲ್ಲ. ಉತ್ತರ ಕನ್ನಡದ ಮತದಾರರು ಮೂರು ಬಾರಿ ಕೊಟ್ಟ ತೀರ್ಪೂ ಈ ಚರಿತ್ರೆಯ ಭಾಗವೇ. ಕರ್ನಾಟಕದ ಸ್ವಾತಂತ್ರ್ಯ ಹೋರಾಟವನ್ನು ಅಧ್ಯಯನ ಮಾಡುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.